ಒಟಿಪಿ ಬಾರದವರಿಗೆ ಕಾಯಿಲೆಯೂ ಬರಬಾರದು

ಮೊನ್ನೆ ಆಸ್ಪತ್ರೆಯೊಂದರ ಚೀಟಿ ಮಾಡಿಸುವ ಸಾಲಿನಲ್ಲಿ ನನ್ನ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಕೈಯಲ್ಲಿ ಗುಂಡಿ ಒತ್ತುವ ಹಳೆಯ ಮೊಬೈಲ್. ಅದರ ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದ ಕಾಗದದ ಚೂರಿನಲ್ಲಿ ಮಗನ ನಂಬರು. ಕೌಂಟರಿನ ಹುಡುಗ ಅದನ್ನೇ ಕಂಪ್ಯೂಟರಿಗೆ ತುಂಬಿದ. ಒಟಿಪಿ ಹೋದದ್ದು ಎಲ್ಲೋ ದೂರದಲ್ಲಿ ದುಡಿಯುವ ಮಗನಿಗೆ. ಮಗ ಕರೆ ಎತ್ತಲಿಲ್ಲ. ಅವಧಿ ಮುಗಿಯಿತು. ಇನ್ನೊಮ್ಮೆ ಕಳಿಸಿದರು, ಮತ್ತೊಮ್ಮೆ ಕಳಿಸಿದರು. "ಒಟಿಪಿ ಇಲ್ಲದೆ ಚೀಟಿ ಬರುವುದಿಲ್ಲ ಅಜ್ಜಿ, ಸ್ವಲ್ಪ ಪಕ್ಕಕ್ಕೆ ನಿಲ್ಲಿ." ಅಜ್ಜಿ ಕೇಳಿದ್ದು ಒಂದೇ ಮಾತು: "ನಾನೇ ಬಂದು ನಿಂತಿದ್ದೇನಲ್ಲಪ್ಪ, ಇನ್ನು ಯಾರನ್ನು ಕೇಳುತ್ತೀ?"

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ಪರದೆಯ ಮೇಲಿದ್ದ ಪುಟ್ಟ ಕೆಂಪು ನಕ್ಷತ್ರದ ಮೇಲೆ. ಮೊಬೈಲ್ ಸಂಖ್ಯೆ ಕಡ್ಡಾಯ ಎಂದು ಹೇಳುವ ನಕ್ಷತ್ರ ಅದು. ಕಂಪ್ಯೂಟರಿನಲ್ಲಿ ತುಂಬುವ ಅರ್ಜಿಗಳನ್ನು ರೂಪಿಸುವುದೇ ನನ್ನ ಕಸುಬು. ಇಂಥ ಅರ್ಜಿಗಳಿಗೆ ಇಂಥ ನಕ್ಷತ್ರಗಳನ್ನು ನನ್ನ ಕೈಯಾರೆ ಇಟ್ಟಿದ್ದೇನೆ. ಖಾಲಿ ಬಿಟ್ಟರೆ ಏನಾಗಬೇಕು ಎಂದು ಒಮ್ಮೆ ಯಾರೋ ಕೇಳಿದಾಗ "ಮುಂದೆ ಹೋಗಬಾರದು, ಅಷ್ಟೇ" ಎಂದು ಹೇಳಿ ಚಹಾ ಕುಡಿಯಲು ಎದ್ದುಹೋಗಿದ್ದೆ.

"ಈಗ ಯಾರ ಬಳಿ ಮೊಬೈಲ್, ಇಂಟರ್ನೆಟ್ ಇಲ್ಲ ಹೇಳಿ" ಎನ್ನುವವರು ಇನ್ನೇನು ಬರುತ್ತಾರೆ. ಸ್ವಾಮಿ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಲೆಕ್ಕದಲ್ಲೇ ಸುಮಾರು 260 ಕೋಟಿ ಜನ, ಅಂದರೆ ಜಗತ್ತಿನ ಮೂರನೇ ಒಂದು ಪಾಲು, ಇಂಟರ್ನೆಟ್‌ನಿಂದ ಹೊರಗಿದ್ದರು. ಮನೆಗೊಂದು ಫೋನಿದ್ದರೂ ಅದು ಯಾರ ಜೇಬಿನಲ್ಲಿರುತ್ತದೆ? ಹೆಂಡತಿಯ ಕ್ಷಯದ ವರದಿಯನ್ನು ಮೊದಲು ಓದುವವನು ಗಂಡ. ಅವಳಿಗೆ ಎಷ್ಟು ತಿಳಿಸಬೇಕು, ಯಾವಾಗ ತಿಳಿಸಬೇಕು ಎಂಬುದು ಅವನ ಮರ್ಜಿ.

ವೇಲ್ಸ್‌ನ ಗಣಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು: ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ. ಆಗ ಒಟಿಪಿ ಇರಲಿಲ್ಲ. ಈಗ ಅದೇ ನಿಯಮವನ್ನು ನಾವು ಆರು ಅಂಕಿಗಳಲ್ಲಿ ಜಾರಿಗೆ ತಂದಿದ್ದೇವೆ. ಬಡವರು, ವಯಸ್ಸಾದವರು, ಅಕ್ಷರ ಬಾರದವರು, ಹೆಂಗಸರು: ಕಾಯಿಲೆ ಮೊದಲು ತಟ್ಟುವುದು ಇವರ ಬಾಗಿಲನ್ನು, ಒಟಿಪಿ ಕೊನೆಗೆ ತಲುಪುವುದೂ ಇವರನ್ನೇ. 2021ರಲ್ಲಿ 18ರಿಂದ 44 ವಯಸ್ಸಿನವರ ಕೋವಿಡ್ ಲಸಿಕೆಗೆ ಕೋವಿನ್ ಜಾಲತಾಣದಲ್ಲಿ ನೋಂದಣಿ ಕಡ್ಡಾಯ ಮಾಡಿ, ಸುಪ್ರೀಂ ಕೋರ್ಟ್ ಪ್ರಶ್ನಿಸುವ ತನಕ ಬಂದದ್ದನ್ನು ಇಷ್ಟು ಬೇಗ ಮರೆತೆವೇ?

ತಂತ್ರಜ್ಞಾನವೇ ಬೇಡ ಎನ್ನುತ್ತೀರಾ ಎಂದು ಗೆಳೆಯನೊಬ್ಬ ರೇಗಿದ. ಇಲ್ಲ ಮಾರಾಯ, ಬೇಡ ಎಂದರೆ ನನ್ನ ಹೊಟ್ಟೆಪಾಡು ಏನಾಗಬೇಕು? ದಕ್ಷಿಣ ಆಫ್ರಿಕಾ 2014ರಲ್ಲಿ ಗರ್ಭಿಣಿಯರ ಮೊಬೈಲಿಗೆ ಆರೋಗ್ಯ ಸಂದೇಶ ಕಳಿಸುವ ಮಾಮ್‌ಕನೆಕ್ಟ್ ಎಂಬ ಸೇವೆ ಶುರು ಮಾಡಿತು. ಗುಂಡಿ ಒತ್ತುವ ಫೋನೇ ಸಾಕಿತ್ತು, ಇಂಟರ್ನೆಟ್ ಬೇಕಿರಲಿಲ್ಲ, ಸಂದೇಶಗಳು ಪುಕ್ಕಟೆ. ಮಾಡುವ ಮನಸ್ಸಿದ್ದರೆ ಹೀಗೂ ಮಾಡಬಹುದು. ಹಾಗೆಂದು ಸಂದೇಶವೇ ಔಷಧಿಯೂ ಅಲ್ಲ. 2022ರಲ್ಲಿ ಜಗತ್ತಿನ 220 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರಿನ ವ್ಯವಸ್ಥೆ ಇರಲಿಲ್ಲ ಎನ್ನುತ್ತವೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್. ಅವರ ಫೋನಿಗೆ "ಶುದ್ಧ ನೀರನ್ನೇ ಕುಡಿಯಿರಿ" ಎಂದು ಸಂದೇಶ ಕಳಿಸಿ, ಎಷ್ಟು ಮಂದಿಗೆ ತಲುಪಿತು ಎಂದು ಲೆಕ್ಕ ಬರೆದುಕೊಳ್ಳುವವರಿಗೆ ದೊಡ್ಡ ನಮಸ್ಕಾರ.

ಅಂದು ಕೊನೆಗೆ ನಾನು ನನ್ನ ನಂಬರು ಕೊಟ್ಟೆ. ತಕ್ಷಣ ಒಟಿಪಿ ಬಂತು, ಅಜ್ಜಿಗೆ ಚೀಟಿಯೂ ಸಿಕ್ಕಿತು. ದೊಡ್ಡ ಉಪಕಾರ ಮಾಡಿದವರ ಹಾಗೆ ಬೀಗುತ್ತಾ ಮನೆಗೆ ಬಂದೆ.

ನಿನ್ನೆ ರಾತ್ರಿ ನನ್ನ ಮೊಬೈಲಿಗೆ ಸಂದೇಶ ಬಂದಿದೆ: "ನಿಮ್ಮ ರಕ್ತ ಪರೀಕ್ಷೆಯ ವರದಿ ಸಿದ್ಧವಾಗಿದೆ." ನಾನು ರಕ್ತ ಕೊಟ್ಟಿಲ್ಲ. ಅಜ್ಜಿಯ ಊರು ಯಾವುದೆಂದು ಕೇಳಿಟ್ಟುಕೊಂಡಿಲ್ಲ. ಆ ಕಾಗದದ ಚೂರಿನಲ್ಲಿದ್ದ ಮಗನ ನಂಬರನ್ನೂ ಬರೆದುಕೊಂಡಿಲ್ಲ.