ಸ್ಪಷ್ಟನೆ: ‘ಗೇಮಿಂಗ್‌ಗೆ ಓಪನ್ ಬ್ಯಾಕೇ ಬೇಕು’ ಎಂಬುದು ಅರ್ಧಸತ್ಯ

‘ಕ್ಲೋಸ್ಡ್ ಬ್ಯಾಕ್ (ಹಿಂಬದಿ ಮುಚ್ಚಿರುವ) ಹೆಡ್‌ಫೋನಿನಲ್ಲಿ ಆಟದೊಳಗಿನ ಎದುರಾಳಿಯ ಹೆಜ್ಜೆ ಸಪ್ಪಳದ ದಿಕ್ಕೇ ತಿಳಿಯದು, ಓಪನ್ ಬ್ಯಾಕನ್ನೇ (ಹಿಂಬದಿಗೆ ಜಾಲರಿ ಇರುವುದನ್ನೇ) ಕೊಳ್ಳಿ’ ಎಂಬ ಮಾತು ಕಾರವಾರ, ಶಿರಸಿ ಕಡೆಯ ಹುಡುಗರ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ.

ದಿಕ್ಕು ತಿಳಿಯುವುದು ಮುಖ್ಯವಾಗಿ ಎರಡು ಕಿವಿಗೂ ಶಬ್ದ ತಲುಪುವ ಸಮಯ ಮತ್ತು ಮಟ್ಟದ ವ್ಯತ್ಯಾಸದಿಂದ. ಅದನ್ನು ಲೆಕ್ಕ ಹಾಕುವುದು ಆಟದ ಸಾಫ್ಟ್‌ವೇರ್. ವ್ಯಾಲೊರಂಟ್ ಎಂಬ ಶೂಟಿಂಗ್ ಆಟದಲ್ಲಿ ಎಚ್‌ಆರ್‌ಟಿಎಫ್ (ಈ ಲೆಕ್ಕ ಹಾಕುವ ಸೆಟ್ಟಿಂಗ್) ಆನ್ ಇಟ್ಟರೆ, ಇದೇ ಬಗೆಯ ಕೆಲಸ ಮಾಡುವ ವಿಂಡೋಸಿನ ಸೆಟ್ಟಿಂಗ್ ‘ವಿಂಡೋಸ್ ಸಾನಿಕ್’ ಆಫ್ ಮಾಡಿ. ಎರಡೂ ಒಟ್ಟಿಗೆ ಓಡಿದರೆ ದಿಕ್ಕು ಕಲಸಿಹೋಗುತ್ತದೆ. ಬೈಗುಳ ಮಾತ್ರ ಹೆಡ್‌ಫೋನಿಗೆ!

ಓಪನ್ ಬ್ಯಾಕಿನಲ್ಲಿ ಶಬ್ದ ವಿಶಾಲವಾಗಿ ಕೇಳುತ್ತದೆ, ಕಿವಿಯೂ ಅಷ್ಟು ಬೆವರದು, ನಿಜ. ಆದರೆ ಜಾಲರಿಯಿಂದ ಹೊರಗಿನ ಸದ್ದೂ ಒಳಬರುತ್ತದೆ. ಆಷಾಢದ ಮಳೆ ತಗಡಿನ ಶೀಟಿನ ಮೇಲೆ ಬಡಿಯುವಾಗ ಸಣ್ಣ ಹೆಜ್ಜೆ ಸಪ್ಪಳ ಅದರಲ್ಲೇ ಮುಳುಗುತ್ತದೆ. ವಾಲ್ಯೂಮ್ ಏರಿಸಿದರೆ ಆಟದ ಸದ್ದು ಮೈಕಿಗೂ ಸೋರುತ್ತದೆ. ಕ್ಲೋಸ್ಡ್ ಬ್ಯಾಕ್ ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಫ್ಯಾನಿನ ಗುಂಯ್‌ಗುಡುವಿಕೆಯನ್ನು ಅಷ್ಟಾಗಿ ಅಲ್ಲ. ದಪ್ಪ ಕಡ್ಡಿಯ ಕನ್ನಡಕ ಹಾಕುವವರಿಗೆ ಪ್ಯಾಡ್ ಸರಿಯಾಗಿ ಕೂರದೆ ಬೇಸ್ ಇಳಿಯುತ್ತದೆ. ಬಟ್ಟೆಯ ಮೃದು ಪ್ಯಾಡ್ ಕೊಂಚ ವಾಸಿ.

ಓಪನ್ ಬ್ಯಾಕ್ ಕೊಳ್ಳುವುದಾದರೆ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ವಿದ್ಯುತ್ ತಡೆ) ನೋಡಿ. 250 ಓಮ್‌ನದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಜ್ಯಾಕಿನಿಂದ ಸದ್ದು ಸಾಲದೇ ಹೋಗಬಹುದು, ಆಂಪ್ಲಿಫೈಯರ್ ಬೇಕಾದೀತು. 32 ಓಮ್‌ನವಕ್ಕೆ ಸಾಮಾನ್ಯವಾಗಿ ಆ ಗೋಳಿಲ್ಲ.

ಕರಾವಳಿಯ ತೇವಕ್ಕೆ ಕೃತಕ ಚರ್ಮದ ಪ್ಯಾಡ್ ಸಿಪ್ಪೆ ಏಳುತ್ತದೆ, ಬಟ್ಟೆಯದಕ್ಕೆ ಬೂಷ್ಟು ಹಿಡಿಯುತ್ತದೆ. ಆಟ ಮುಗಿದ ಮೇಲೆ ಬೆವರು ಒರೆಸಿ, ಆರಿದ ನಂತರ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಒಂದೇ ಹೆಡ್‌ಫೋನ್ ಕೊಳ್ಳುವವರಿಗೆ, ಮನೆ ಗದ್ದಲದ್ದಾದರೆ, ನಮ್ಮ ಮತ ಕ್ಲೋಸ್ಡ್ ಬ್ಯಾಕಿಗೆ.