ಗಪ್ಪಿ ಮರಿ ಮಿತಿಮೀರಿದರೆ ತಿನ್ನುವ ಮೀನು ಬಿಡಬಹುದೇ?

ಪರ: ತಿನ್ನುವ ಬಾಯಿಯೂ ತೊಟ್ಟಿಯಲ್ಲಿರಲಿ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಚಾವಡಿಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇದೆ, ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಮೊದಲು ಬಿಟ್ಟದ್ದು ನಾಲ್ಕು ಹೆಣ್ಣು ಗಪ್ಪಿ, ಎರಡು ಗಂಡು, ಒಂದು ಜೊತೆ ಪ್ಲಾಟಿ. ಮಳೆಗಾಲ ಕಳೆಯುವಷ್ಟರಲ್ಲಿ ಎಣಿಸಲಿಕ್ಕೇ ಆಗದಷ್ಟಾದವು. ಅಂಗಡಿಯವರು ಮೊದಲ ಸಲ ಐವತ್ತು ಮರಿ ತೆಗೆದುಕೊಂಡರು. ಎರಡನೇ ಸಲ ಕೈ ಮುಗಿದರು. ನೆಂಟರಿಗೆ ಕೊಟ್ಟೆ, ನೆರೆಮನೆ ಮಕ್ಕಳಿಗೆ ಬಾಟಲಿಯಲ್ಲಿ ತುಂಬಿಸಿ ಕೊಟ್ಟೆ. ಕೊಡಲು ಜನ ಮುಗಿದರು, ಮರಿ ಮುಗಿಯಲಿಲ್ಲ.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇವೆಲ್ಲ ಮೊಟ್ಟೆ ಇಡುವ ಜಾತಿಯಲ್ಲ, ಈಜುವ ಮರಿಯನ್ನೇ ಹೆರುತ್ತವೆ. ಗಪ್ಪಿಗೆ ಹೆಚ್ಚುಕಡಿಮೆ ನಾಲ್ಕು ವಾರಕ್ಕೊಂದು ಹೆರಿಗೆ. ಚೆನ್ನಾಗಿ ಬೆಳೆದ ಹೆಣ್ಣು ಒಂದು ಸಲಕ್ಕೆ 30-40 ಮರಿ ಹಾಕುವುದು ಸಾಮಾನ್ಯ. ಆ ಮರಿಗಳು ಮೂರು ತಿಂಗಳಲ್ಲಿ ತಾವೇ ಹೆರಲು ತಯಾರು. ಚಳಿ ದೇಶದವರು ಹೀಟರ್ ಹಾಕಿ ಸಾಕುವ ಮೀನು ಇದು. ನಮ್ಮಲ್ಲಿ ನೀರು ವರ್ಷವಿಡೀ ಬೆಚ್ಚಗೇ ಇರುತ್ತದೆ, ಹಾಗಾಗಿ ಬಿಡುವೇ ಇಲ್ಲ.

ಗಪ್ಪಿಯ ಹುಟ್ಟೂರು ಟ್ರಿನಿಡಾಡ್ ದ್ವೀಪ ಮತ್ತು ದಕ್ಷಿಣ ಅಮೆರಿಕದ ಈಶಾನ್ಯ ಭಾಗ. ಟ್ರಿನಿಡಾಡಿನ ತೊರೆಗಳಲ್ಲಿ ವಿಜ್ಞಾನಿಗಳು ಹಲವು ದಶಕ ಈ ಮೀನನ್ನು ಗಮನಿಸಿದ್ದಾರೆ. ಬೇಟೆಯಾಡುವ ದೊಡ್ಡ ಮೀನು ಇರುವ ಕಡೆ ಗಪ್ಪಿ ಬೇಗ ಪ್ರಾಯಕ್ಕೆ ಬರುತ್ತದೆ, ಜಾಸ್ತಿ ಮರಿ ಹಾಕುತ್ತದೆ. ಅಂದರೆ ಇದು ಇಷ್ಟೊಂದು ಹೆರುವುದೇ ತಿನ್ನುವವರು ಸುತ್ತ ಇದ್ದಾರೆ ಎಂಬ ಲೆಕ್ಕದಲ್ಲಿ. ನಾವು ಹೆರುವ ಮೀನನ್ನು ಮಾತ್ರ ಮನೆಗೆ ತಂದೆವು. ತಿನ್ನುವುದನ್ನು ಅಲ್ಲೇ ಬಿಟ್ಟು ಬಂದೆವು.

ನಾನು ಬಿಟ್ಟದ್ದು ನಮ್ಮ ಅಡಿಕೆ ತೋಟದ ಕಣಿಯದ್ದೇ (ನೀರು ಹರಿಯುವ ಕಾಲುವೆ) ಮೀನು, ಎರಡು. ನೆತ್ತಿಯಲ್ಲಿ ಬೆಳ್ಳಿಯಂಥ ಒಂದು ಚುಕ್ಕೆ ಹೊಳೆಯುತ್ತದೆ. ಮಲಯಾಳದಲ್ಲಿ ಮಾನತ್ತುಕಣ್ಣಿ ಅನ್ನುತ್ತಾರೆ, ಅಕ್ವೇರಿಯಂನವರು ಪಂಚಾಕ್ಸ್ ಅನ್ನುತ್ತಾರೆ. ನೀರಿನ ಮೇಲ್ಪದರದಲ್ಲೇ ಕದಲದೆ ನಿಂತಿರುತ್ತದೆ. ಹುಟ್ಟಿದ ಮರಿ ಮೇಲಕ್ಕೇ ಬರುವುದರಿಂದ ಅದು ಅಟ್ಟಿಸಿಕೊಂಡು ಹೋಗಬೇಕಾಗಿಯೂ ಇಲ್ಲ.

ಒಂದು ಬೆಳಿಗ್ಗೆ ಹತ್ತಿರ ಕೂತು ನೋಡಿದೆ. ಹೆಣ್ಣು ಗಪ್ಪಿ ಮೂಲೆ ಹಿಡಿದು ನಿಂತಿತ್ತು, ಮೈ ಸಣ್ಣಗೆ ನಡುಗುತ್ತಿತ್ತು. ಮರಿ ಸುರುಳಿ ಸುತ್ತಿಕೊಂಡೇ ಹೊರಬಿತ್ತು. ಒಂದೆರಡು ಇಂಚು ಕೆಳಗಿಳಿದು ಬಿಚ್ಚಿಕೊಂಡಿತು. ಎರಡು ಕಪ್ಪು ಕಣ್ಣು, ಒಂದು ಗೆರೆಯಷ್ಟು ಮೈ. ಮೇಲಕ್ಕೆ ಚಿಮ್ಮಿತು. ಪಂಚಾಕ್ಸ್ ಬಾಲ ಆಡಿಸಿದ್ದೂ ಕಾಣಲಿಲ್ಲ, ಮರಿ ಇರಲಿಲ್ಲ.

ಹೊಟ್ಟೆ ಚುರ್ ಎಂದದ್ದು ನಿಜ. ಆದರೆ ಅದಕ್ಕೂ ಮೊದಲಿನ ತಿಂಗಳುಗಳನ್ನು ನಾನು ಮರೆತಿಲ್ಲ. ಬೆಳಿಗ್ಗೆ ಲೈಟ್ ಹಾಕಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ನೀರು ಎಷ್ಟು ಬದಲಿಸಿದರೂ ಎರಡು ದಿನದಲ್ಲಿ ವಾಸನೆ. ಒಂದೇ ವಂಶದೊಳಗೆ ಕೂಡಿ ಕೂಡಿ ಬೆನ್ನು ಬಾಗಿದ ಮರಿಗಳು ಹುಟ್ಟುತ್ತಿದ್ದವು, ಬಣ್ಣ ಮಾಸುತ್ತಿತ್ತು. ಉಸಿರಿಲ್ಲದೆ ವಾರಗಟ್ಟಲೆ ಸಾಯುವುದಕ್ಕಿಂತ ಕ್ಷಣದಲ್ಲಿ ಮುಗಿಯುವುದು ಮೇಲಲ್ವಾ?

ಎಲ್ಲ ಮರಿಯೂ ಹೋಗುವುದಿಲ್ಲ. ಪಾಚಿ ಗಿಡದ ಬುಡದಲ್ಲಿ ಅಡಗಿ ಎರಡು ಮೂರು ಉಳಿಯುತ್ತವೆ, ಮುದಿ ಮೀನಿನ ಜಾಗ ತುಂಬಲು ಅಷ್ಟು ಸಾಕು. ಮೇಲೆ ತೇಲುವ ಅಂತರಗಂಗೆಯನ್ನು ಮಾತ್ರ ಆಗಾಗ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಮರಿ ಅದರ ಬೇರಿನಲ್ಲೇ ಬಚ್ಚಿಟ್ಟುಕೊಳ್ಳುತ್ತದೆ. ಇನ್ನೊಂದು ಮಾತು, ಪಂಚಾಕ್ಸ್ ಹಾರುತ್ತದೆ. ತೊಟ್ಟಿಗೆ ಮುಚ್ಚಳ ಬೇಕೇ ಬೇಕು.

ವಿರೋಧ: ಹುಟ್ಟಿಸಿ ತಿನ್ನಿಸುವುದೇಕೆ, ಗಂಡುಗಳನ್ನಷ್ಟೇ ಸಾಕಿ

ಮರಿ ತಿನ್ನಿಸುವವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಮಾಡಿದ್ದೇನೆ. ಕುಂಬಳೆಯಲ್ಲಿ ನಮ್ಮ ಬಾವಿ ಮುರಕಲ್ಲಿನದು, ನೀರು ಮೃದು. ಮೋಲಿ ತಂದಾಗ ಅವು ನಿಂತಲ್ಲೇ ಮೈ ಕುಲುಕಿಸುತ್ತಾ ಸೊರಗಿದವು, ಅವಕ್ಕೆ ಗಡಸು ನೀರು ಬೇಕು. ಏಂಜಲ್ ಮೀನಿಗೆ ಮಾತ್ರ ಈ ನೀರು ಚೆನ್ನಾಗಿ ಹಿಡಿಯುತ್ತದೆ. ಗಪ್ಪಿ ಜಾಸ್ತಿಯಾದಾಗ ಎರಡು ಸಣ್ಣ ಏಂಜಲ್ ತಂದು ಬಿಟ್ಟೆ. ಮೂರು ತಿಂಗಳು ಎಲ್ಲ ಸರಿ ಇತ್ತು. ಆಮೇಲೆ ಏಂಜಲ್ ಅಂಗೈ ಅಗಲ ಬೆಳೆದವು. ಗಂಡು ಗಪ್ಪಿಗಳ ಬಾಲ ಹರಿದ ಬಟ್ಟೆಯಂತಾಯಿತು. ಹೆಣ್ಣಿಗಿಂತ ಗಂಡು ಗಪ್ಪಿ ಸಣ್ಣದು, ಏಂಜಲ್ ಬಾಯಿಗೆ ಹಿಡಿಯುತ್ತದೆ. ಒಂದೊಂದಾಗಿ ಕಾಣೆಯಾದವು. ಸಾಕಷ್ಟು ಆಹಾರ ಹಾಕಿದರೆ ಏಂಜಲ್‌ಗಳು ಗಪ್ಪಿ ಮರಿಗಳನ್ನು ಅಷ್ಟಾಗಿ ತಿನ್ನುತ್ತಿರಲಿಲ್ಲ. ಕಡಿಮೆ ಹಾಕಿದರೆ ದೊಡ್ಡದನ್ನೂ ಬಿಡುತ್ತಿರಲಿಲ್ಲ. ನಡುವೆ ಸರಿಯಾದ ಅಳತೆ ನನಗೆ ಸಿಗಲೇ ಇಲ್ಲ.

ಕೊನೆಗೆ ಏಂಜಲ್‌ಗಳನ್ನು ಬೇರೆಯವರಿಗೆ ಕೊಟ್ಟೆ. ಉಳಿದದ್ದು ಆರು ಹೆಣ್ಣು ಗಪ್ಪಿ. ಗಂಡೇ ಇಲ್ಲ, ಇನ್ನು ಮರಿ ಇಲ್ಲ ಎಂದುಕೊಂಡೆ. ಮುಂದಿನ ತಿಂಗಳು ಮರಿ. ಅದರ ಮುಂದಿನ ತಿಂಗಳೂ ಮರಿ. ಹೀಗೆ ಐದು ತಿಂಗಳು. ಹೆಣ್ಣು ಗಪ್ಪಿ ಗಂಡಿನ ವೀರ್ಯವನ್ನು ಒಳಗೆ ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬಳಸುತ್ತದೆ ಎಂದು ಆಮೇಲೆ ತಿಳಿಯಿತು. ಅಂಗಡಿಯಿಂದ ತರುವ ಪ್ರಾಯದ ಹೆಣ್ಣು ಬಹುಪಾಲು ಬಸುರಿಯಾಗಿಯೇ ಬರುತ್ತದೆ.

ಪರ ಬರೆದವರು ಮರಿಯ ಸಾವು ಕ್ಷಣದ್ದು ಎನ್ನುತ್ತಾರೆ, ಒಪ್ಪುತ್ತೇನೆ. ನನ್ನ ಸಂಕಟ ತಾಯಿಯದು. ಅಲ್ಲಿ ತಿಂಗಳಿಗೊಮ್ಮೆ ಹೊಟ್ಟೆ ಚೌಕವಾಗುವಷ್ಟು ತುಂಬಿಕೊಂಡು, ಹೆತ್ತು, ಮರುದಿನವೇ ಗಂಡುಗಳಿಂದ ಅಟ್ಟಿಸಿಕೊಂಡು ಓಡುವ ಮೀನು ಅದು. ಒಂದು ಗಂಡಿಗೆ ಎರಡು ಮೂರು ಹೆಣ್ಣಿರಬೇಕು ಎನ್ನುವುದೇ ಈ ಕಾಟ ಹಂಚಿಹೋಗಲಿ ಎಂದು. ಪಂಚಾಕ್ಸ್ ಮರಿಯನ್ನು ಕಡಿಮೆ ಮಾಡುತ್ತದೆ, ತಾಯಿಯ ಪಾಡನ್ನು ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಯಾರದೋ ಬಾಯಿಗೆ ಬೀಳಲೆಂದೇ ಸುಮ್ನೆ ಹೆರಿಸುತ್ತಾ ಇರುವುದು ನನಗೆ ಸರಿ ಕಾಣುವುದಿಲ್ಲ. ಟ್ರಿನಿಡಾಡಿನಲ್ಲಿ ಹೀಗೆಯೇ ಎನ್ನಬಹುದು. ಅಲ್ಲಿ ತೊರೆ ಹರಿಯುತ್ತದೆ, ಅಡಗಲು ಬೇರು, ಕಲ್ಲು, ಎಲ್ಲ ಇದೆ. ನಮ್ಮ ಗಾಜಿನ ಮೂರಡಿಯಲ್ಲಿ ಓಡಿಹೋಗಲು ಜಾಗವಿಲ್ಲ.

ನಾನು ಈಗ ಗಂಡುಗಳನ್ನು ಮಾತ್ರ ಸಾಕುತ್ತೇನೆ. ಗಪ್ಪಿಯ ಬಣ್ಣ, ಬೀಸಣಿಗೆಯಂಥ ಬಾಲ ಎಲ್ಲ ಇರುವುದು ಗಂಡಿನಲ್ಲೇ ತಾನೇ. ಗುರುತಿಸುವುದು ಕಷ್ಟವಲ್ಲ. ಹೊಟ್ಟೆಯ ಹಿಂದೆ, ಬಾಲಕ್ಕೆ ಮೊದಲು ಒಂದು ರೆಕ್ಕೆ ಇದೆಯಲ್ಲ, ಅದನ್ನು ನೋಡಬೇಕು. ಹೆಣ್ಣಿನದು ಮುಕ್ಕೋನವಾಗಿ ಬಿಚ್ಚಿಕೊಂಡಿರುತ್ತದೆ. ಗಂಡಿನದು ಸಪೂರ ಕಡ್ಡಿಯಂತೆ ಹಿಂದಕ್ಕೆ ಮಡಚಿರುತ್ತದೆ. ಹೆಣ್ಣಿಗೆ ಅಲ್ಲೇ ಪಕ್ಕದಲ್ಲಿ ಒಂದು ಕಪ್ಪು ಮಚ್ಚೆಯೂ ಕಾಣುತ್ತದೆ. ಒಂದು ತಿಂಗಳ ಮರಿಯಲ್ಲೇ ವ್ಯತ್ಯಾಸ ಶುರುವಾಗುತ್ತದೆ. ಮನೆಯಲ್ಲಿ ಮರಿ ಇದ್ದರೆ ವಾರಕ್ಕೊಮ್ಮೆ ಬಿಳಿ ಬಟ್ಟಲಿಗೆ ಹಾಕಿ ಭೂತಕನ್ನಡಿಯಲ್ಲಿ ನೋಡಿ ಬೇರೆ ಮಾಡಿ. ಸಂಶಯ ಬಂದದ್ದನ್ನು ಗಂಡುಗಳ ಜೊತೆ ಬಿಡಬೇಡಿ. ನಾನು ಒಂದು ಸಲ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಗಂಡುಗಳು ತಮ್ಮೊಳಗೆ ಸ್ವಲ್ಪ ಬೆನ್ನಟ್ಟುತ್ತವೆ, ಹತ್ತು ಹನ್ನೆರಡಿದ್ದು ಗಿಡ ದಟ್ಟವಾಗಿದ್ದರೆ ಯಾರಿಗೂ ಪೆಟ್ಟಿಲ್ಲ.

ಕಣಿಯ ಪಂಚಾಕ್ಸನ್ನು ಕಣಿಯಲ್ಲೇ ಬಿಡೋಣ. ಅಲ್ಲಿ ಅದು ಸೊಳ್ಳೆಯ ಮರಿ ತಿನ್ನುತ್ತಿದೆ. ನಾಲ್ಕು ಇಂಚು ಬೆಳೆಯುವ ಮೀನು, ದೊಡ್ಡದಾದರೆ ಅದೂ ಗಂಡು ಗಪ್ಪಿಯನ್ನು ನುಂಗುತ್ತದೆ.

ಪರ ಬರೆದವರೂ ನಾನೂ ಒಂದೇ ಕಡೆ ಇರುವ ವಿಷಯ ಒಂದಿದೆ ಎಂದು ನಂಬಿದ್ದೇನೆ. ಮರಿ ಹೆಚ್ಚಾಯಿತೆಂದು ತೋಡಿಗೆ, ಮದಕಕ್ಕೆ ಸುರಿಯಬಾರದು. ಸೊಳ್ಳೆ ಕಡಿಮೆ ಮಾಡಲೆಂದು ನೂರು ವರ್ಷಕ್ಕೂ ಹಿಂದೆಯೇ ಗಪ್ಪಿ ನಮ್ಮ ದೇಶಕ್ಕೆ ಬಂತು, ಈಗ ಪಶ್ಚಿಮ ಘಟ್ಟದ ತೊರೆಗಳಲ್ಲೂ ಇದೆ. 2018ರ ನೆರೆ ಇಳಿದ ಮೇಲೆ ಕೇರಳದ ಹೊಳೆಗಳಲ್ಲಿ ಬಲೆಗೆ ಅರಾಪೈಮ ಬಿತ್ತು, ಅಮೆಜಾನಿನ ಮೀನು, ಯಾರದೋ ಸಾಕಣೆ ಕೊಳದಿಂದ ತಪ್ಪಿಸಿಕೊಂಡದ್ದು. ನಮ್ಮ ತೋಡುಗಳೆಲ್ಲ ಒಂದಲ್ಲ ಒಂದು ಹೊಳೆಗೆ ಸೇರುತ್ತವೆ. ಸುಳ್ಯದಿಂದ ಇಳಿದು ಬರುವ ಪಯಸ್ವಿನಿ, ಕೆಳಗೆ ಚಂದ್ರಗಿರಿ, ಅಲ್ಲಿ ಕೆಂಪು ಗೆರೆಯ ಮಿಸ್ ಕೇರಳ ಮೀನು ಇದೆ. ಅದು ಅಳಿವಿನಂಚಿನಲ್ಲಿದೆ, ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಸುರಿಯಲು ಮರಿಯೇ ಇರದಿದ್ದರೆ ಆ ಭಯವೂ ಇಲ್ಲ.

ನನ್ನ ತೊಟ್ಟಿಯಲ್ಲಿ ಈಗ ಹನ್ನೊಂದು ಗಂಡುಗಳಿವೆ. ಕಳೆದ ತಿಂಗಳು ಒಂದು ಹೋಯಿತು, ವಯಸ್ಸಾಗಿತ್ತು. ಅದರ ಜಾಗಕ್ಕೆ ಅಂಗಡಿಗೆ ಹೋಗುವುದಿಲ್ಲ. ಬದಿಯಡ್ಕ ಕಡೆ ಮರಿ ಕೊಡಲು ಜನ ಹುಡುಕುವವರು ಎಷ್ಟೋ ಇದ್ದಾರೆ, ಅವರ ಹತ್ತಿರ ಒಂದು ಗಂಡು ಕೇಳಿ ತರುತ್ತೇನೆ.