ಎಡದಿಂದಲೋ ಬಲದಿಂದಲೋ?

ಇ-ಮೇಲ್ ಕಾಗದ ಬರೆದು ಮುಗಿಸಬಹುದು, ವಿಳಾಸ ಬರೆಯಲಾಗದು. 1980ರ ದಶಕದಲ್ಲಿ ಕಂಪ್ಯೂಟರ್ ಪಂಡಿತರು ತಂದಿಟ್ಟ ಪರಿಸ್ಥಿತಿ ಇದು.

ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ 1971ರಲ್ಲೇ ಆಳಿಗೂ ಯಂತ್ರಕ್ಕೂ ನಡುವೆ @ ಹಾಕಿಕೊಟ್ಟಿದ್ದರು. ಅಮೆರಿಕ ಸರ್ಕಾರದ ಸಂಶೋಧನಾ ಜಾಲವಾದ ಆರ್ಪಾನೆಟ್‌ನವರಿಗೆ ಅಷ್ಟು ಸಾಕಾಯಿತು. ಫೋನ್ ಕರೆಗಳ ಮೇಲೆ ನಡೆಯುವ ಇನ್ನೊಂದು ಜಾಲ, ಯುಯುಸಿಪಿಯವರು ಒಪ್ಪಬೇಕಲ್ಲ! ಅವರಲ್ಲಿ ವಿಳಾಸವೇ ಇಲ್ಲ, ಇದ್ದದ್ದು ದಾರಿ. ಹಳ್ಳಿಯಲ್ಲಿ ಮನೆ ಕೇಳಿದರೆ “ಅರಳಿಕಟ್ಟೆ ದಾಟಿ, ಗಿರಣಿ ಹತ್ರ ತಿರುಗಿ, ಅಲ್ಲಿ ಯಾರನ್ನಾದ್ರೂ ಕೇಳಿ” ಅನ್ನುವುದಿಲ್ಲವೇ, ಹಾಗೆ ದಾರಿಯಲ್ಲಿ ಸಿಗುವ ಯಂತ್ರಗಳ ಹೆಸರು ಸಾಲಾಗಿ: ಡೆಕ್‌ವ್ಯಾಕ್ಸ್!ಯುಸಿಬಿವ್ಯಾಕ್ಸ್!ನಮ್ಮಯಂತ್ರ!ನಾನು. ಒಂದು ‘!’ ದಾಟಲು ಒಂದು ಫೋನ್ ಕರೆ. ರಾತ್ರಿ ಕರೆ ದರ ಇಳಿಯುವ ತನಕ ಪತ್ರ ಜಗಲಿಯ ಮೇಲೆ ಕೂತಿರುತ್ತಿತ್ತು.

ಎರಡೂ ಕಡೆಯವರು ಬೀಗರಾದಾಗ ಹುಟ್ಟಿದ ಕೂಸು: ಅ!ಬ@ಕ. ಯುಯುಸಿಪಿ ಎಡದಿಂದ ಓದಿ “ಮೊದಲು ‘ಅ’ ಮನೆಗೆ” ಅಂದಿತು. ಆರ್ಪಾನೆಟ್ ಬಲದಿಂದ ಓದಿ “ಮೊದಲು ‘ಕ’ ಮನೆಗೆ” ಅಂದಿತು. ಇಬ್ಬರೂ ಶಾಸ್ತ್ರೋಕ್ತವಾಗಿಯೇ ಓದಿದ್ದರು, ಪತ್ರ ಮಾತ್ರ ಬೀದಿಪಾಲು. ವಿಶ್ವವಿದ್ಯಾಲಯಗಳ ಇನ್ನೊಂದು ಜಾಲವಾದ ಬಿಟ್‌ನೆಟ್‌ನವರಿಗೆ ಬರೆಯುವುದಿದ್ದರೆ ನಡುವೆ ಒಂದು ಶೇಕಡಾ ಚಿಹ್ನೆ ಬೇರೆ. ಈ ಪಂಚಾಯ್ತಿ ತೀರ್ಮಾನಕ್ಕೆಂದು ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ‘ಸೆಂಡ್‌ಮೇಲ್’ ಎಂಬ, ಪತ್ರ ರವಾನಿಸುವ ಪ್ರೋಗ್ರಾಂ ಬರೆದರು. ಅದರ ನಿಯಮಗಳ ಫೈಲ್ ತೆರೆದರೆ ಕಾಗೆ ಕಾಲು, ಗುಬ್ಬಿ ಕಾಲು.

ಸರ್ಕಾರಿ ಅಚ್ಚುಕಟ್ಟು ಬೇಕೆಂದವರಿಗೆ 1984ರ ಅಂತರರಾಷ್ಟ್ರೀಯ ಇ-ಮೇಲ್ ಮಾನದಂಡ ಎಕ್ಸ್.400 ಇತ್ತು. ವಿಳಾಸವೆಂದರೆ ಭರ್ತಿ ಮಾಡಿದ ಅರ್ಜಿ: ದೇಶ, ಆಡಳಿತ ವಲಯ, ಖಾಸಗಿ ವಲಯ, ಸಂಸ್ಥೆ, ಮನೆತನದ ಹೆಸರು. ಆಡಳಿತ ವಲಯ ಇಂಥದ್ದೇ ಎಂದಿಲ್ಲವೇ? ಆ ಜಾಗದಲ್ಲಿ ಒಂದು ಸ್ಪೇಸ್ ಒತ್ತಬೇಕು. ಸುಮ್ಮನೆ ಬಿಟ್ಟರೆ ಆಗದು, ಖಾಲಿತನವನ್ನೂ ಟೈಪ್ ಮಾಡಿ ಸಲ್ಲಿಸಬೇಕು. (ಈ ಅರ್ಜಿಗೆ ಸ್ಟಾಂಪು ಅಂಟಿಸಿ ಅನ್ನದೇ ಬಿಟ್ಟರಲ್ಲ, ಪುಣ್ಯ.)

ಇನ್ನು ಬ್ರಿಟನ್. ಊರು, ಅಪ್ಪ, ಕೊನೆಗೆ ತಾನು ಎಂದು ಇನಿಷಿಯಲ್ ಹಾಕುವ ನಮಗೆ ಅವರ ವಿಶ್ವವಿದ್ಯಾಲಯಗಳ ಜಾಲ ಜಾನೆಟ್ ಸಲೀಸಾಗಿ ಅರ್ಥವಾಗುತ್ತಿತ್ತು. ಲೋಕವೆಲ್ಲ ದೇಶದ ಹೆಸರನ್ನು ಕೊನೆಗೆ ಬರೆದರೆ ಅವರು ಮೊದಲಿಗೇ ಬರೆದರು: ಯುಕೆ.ಎಸಿ.ಕಾಲೇಜು.ಸಿಎಸ್. ಈ ಸಿಎಸ್ ಎಂದರೆ ಕಂಪ್ಯೂಟರ್ ಸೈನ್ಸ್ ವಿಭಾಗ. ಆದರೆ ಬಾಲದಿಂದ ಓದುವ ಹೊರಗಿನ ಯಂತ್ರಕ್ಕೆ ಸಿಎಸ್ ಎಂದರೆ ಚೆಕೊಸ್ಲೊವಾಕಿಯಾ. ಇಂಗ್ಲೆಂಡಿನ ಮೇಷ್ಟ್ರ ಪತ್ರಗಳು ಪ್ರಾಗ್ ದಾರಿ ಹಿಡಿದವು.

1993ರಲ್ಲಿ ಆ ದೇಶವೇ ಒಡೆದು ಎರಡಾಯಿತು. ಕಾರಣ ರಾಜಕೀಯ ಅನ್ನುತ್ತಾರೆ. ನನಗೆ ಅನುಮಾನ ಇದ್ದೇ ಇದೆ.